ಕೊಳೆರೋಗದ ಮೊದಲ ಕಾಗದ ಎಲ್ಲಿದೆ? – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದೇನೆ. ಕೊನೆಯ ವರ್ಷದ ಕಿರುಪ್ರಬಂಧಕ್ಕೆ ವಿಜ್ಞಾನದ ಚರಿತ್ರೆಗೆ ಸೇರಿದ ವಿಷಯವೊಂದನ್ನು ಆರಿಸಿಕೊಳ್ಳುವ ಆಸೆಯಿದೆ. ಪ್ರಾಥಮಿಕ ಆಕರಗಳಿಲ್ಲದೆ ಪ್ರಬಂಧವನ್ನು ಒಪ್ಪುವುದಿಲ್ಲವೆಂದು ಮಾರ್ಗದರ್ಶಕರು ಹೇಳಿದ್ದಾರೆ. ನನ್ನ ಕೈಗೆ ಸಿಕ್ಕಿರುವುದೆಲ್ಲ ಈಚಿನವರು ಬರೆದ ಪುಸ್ತಕಗಳೇ. ಮೂಲ ಕಾಗದಪತ್ರಗಳೆಲ್ಲ ಲಂಡನ್ನಿನಲ್ಲೋ ದೆಹಲಿಯಲ್ಲೋ ಇರುವಾಗ ಇಲ್ಲಿರುವವರು ಎಲ್ಲಿಂದ ಆರಂಭಿಸಬೇಕು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಆಕರಗಳನ್ನು ಹುಡುಕಲು ಹೊರಡುವ ಮೊದಲು ನಿಮ್ಮ ಪ್ರಶ್ನೆ ಏನೆಂಬುದನ್ನು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ಯಾವ ಕಾಗದವೂ ಹುಟ್ಟುವಾಗಲೇ ಪ್ರಾಥಮಿಕ ಆಕರವಾಗಿರುವುದಿಲ್ಲ. ನಾವು ಕೇಳುವ ಪ್ರಶ್ನೆಗೆ ತಕ್ಕಂತೆ ಅದು ಪ್ರಾಥಮಿಕವೋ ದ್ವಿತೀಯಕವೋ ಆಗುತ್ತದೆ. ಹಳೆಯದೆಲ್ಲ ಮೂಲ ಎಂಬ ಎಣಿಕೆಯಿಂದ ಅನೇಕ ವಿದ್ಯಾರ್ಥಿಗಳು ದಾರಿ ತಪ್ಪಿದ್ದಾರೆ. ಅಜ್ಜನ ಕಾಲದ ಶಾಲಾಪುಸ್ತಕವೊಂದು ನ್ಯೂಟನ್ನನ ಬಗ್ಗೆ ಹೇಳುವ ಮಾತು ನ್ಯೂಟನ್ನನನ್ನು ಕುರಿತ ಸಂಶೋಧನೆಗೆ ಉಪಯೋಗಕ್ಕೆ ಬಾರದು. ಆದರೆ ಆ ಕಾಲದಲ್ಲಿ ಮಲೆನಾಡಿನ ಮಕ್ಕಳಿಗೆ ಭೌತವಿಜ್ಞಾನವನ್ನು ಹೇಗೆ ಕಲಿಸುತ್ತಿದ್ದರು ಎಂಬುದು ನಿಮ್ಮ ಪ್ರಶ್ನೆಯಾದರೆ, ಅದೇ ಪುಸ್ತಕ, ಅಂಚಿನಲ್ಲಿ ಯಾವನೋ ಹುಡುಗ ಸೀಸದಕಡ್ಡಿಯಲ್ಲಿ ಗೀಚಿದ ಟಿಪ್ಪಣಿಗಳೂ ಸೇರಿದಂತೆ, ಮೊದಲ ದರ್ಜೆಯ ಆಕರವಾಗುತ್ತದೆ.

ನಿಮ್ಮ ಸುತ್ತಮುತ್ತಲಿನದೇ ಒಂದು ವಿಷಯವನ್ನು ತೆಗೆದುಕೊಳ್ಳೋಣ. ಆಷಾಢದ ಮಳೆ ಬಿಡದೆ ಹಿಡಿದಾಗ ಅಡಿಕೆಯ ಎಳೆಗಾಯಿಗಳು ಕೊಳೆತು ಉದುರುವ ಕೊಳೆರೋಗವನ್ನು ಕಾಣದ ತೋಟ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಇರಲಾರದು. ಮೈಸೂರು ಸರ್ಕಾರದ ಸೇವೆಗೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅವರು ಕೀಟಗಳ ಮತ್ತು ಶಿಲೀಂಧ್ರಗಳ ತಜ್ಞರು. ಅವರು ಈ ರೋಗವನ್ನು ಅಧ್ಯಯನ ಮಾಡಿ, ಫೈಟಾಫ್ತೊರಾ ಕುಲಕ್ಕೆ ಸೇರಿದ ಸೂಕ್ಷ್ಮಜೀವಿಯೇ ಅದಕ್ಕೆ ಕಾರಣವೆಂದು ವಿವರಿಸಿದ ಬುಲೆಟಿನ್ 1910ರಲ್ಲಿ ಮೈಸೂರಿನ ಕೃಷಿ ಇಲಾಖೆಯಿಂದ ಅಚ್ಚಾಯಿತು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿಯ ರೋಗಕ್ಕೆಂದು ಮಿಲಾರ್ಡೆ 1885ರಲ್ಲಿ ಪ್ರಕಟಿಸಿದ ಮೈಲುತುತ್ತ ಮತ್ತು ಸುಣ್ಣದ ದ್ರಾವಣ ಮಲೆನಾಡಿನ ಅಡಿಕೆಯ ಕೊನೆಗಳನ್ನು (ಗೊನೆಗಳನ್ನು) ಮುಟ್ಟಿದ ಕಥೆಯೂ ಇದರೊಡನೆ ಹೆಣೆದುಕೊಂಡಿದೆ.

ಈ ಒಂದು ಬುಲೆಟಿನ್ನನ್ನು ಮೂರು ಪ್ರಶ್ನೆಗಳ ಮುಂದೆ ಇಟ್ಟು ನೋಡಿ. ಕೊಳೆರೋಗದ ಕಾರಣವನ್ನು ಪ್ರಯೋಗಶಾಲೆಯಲ್ಲಿ ಹೇಗೆ ಗುರುತಿಸಿದರು ಎಂದು ಕೇಳಿದರೆ ಅದು ಪ್ರಾಥಮಿಕ ಆಕರ, ಅದಕ್ಕಿಂತ ಹತ್ತಿರದ ಮುದ್ರಿತ ಆಕರ ಬೇರೊಂದಿಲ್ಲ. ಮೈಸೂರು ಸರ್ಕಾರ ಒಬ್ಬ ಶಿಲೀಂಧ್ರತಜ್ಞನಿಗೆ ಸಂಬಳ ಕೊಡಲು ಏಕೆ ಒಪ್ಪಿತು ಎಂದು ಕೇಳಿದರೆ ಬುಲೆಟಿನ್ ಹೆಚ್ಚು ಹೇಳುವುದಿಲ್ಲ. ಅದು ಅಚ್ಚಾಗಿ ಹೊರಬಂದ ಮುಖ ಮಾತ್ರ, ಬೆನ್ನು ಸರ್ಕಾರದ ಕಡತಗಳಲ್ಲಿದೆ. ಆಗ ನೀವು ಕೃಷಿ ಇಲಾಖೆಯ ವಾರ್ಷಿಕ ವರದಿಗಳನ್ನೂ ಮೈಸೂರು ಸಂಸ್ಥಾನದ ಆಡಳಿತ ವರದಿಗಳನ್ನೂ ಓದಿ, ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರದ ಸೂಚಿಗಳಲ್ಲಿ ಇಲಾಖೆ ಮತ್ತು ವರ್ಷವನ್ನು ಹಿಡಿದು ಹುಡುಕಬೇಕಾಗುತ್ತದೆ. ಸರ್ಕಾರದ ಕಡತಗಳು ಸಾಮಾನ್ಯವಾಗಿ ವಿಷಯವಾರು ಅಲ್ಲ, ಅವುಗಳನ್ನು ನಡೆಸಿದ ಕಚೇರಿಯವಾರು ಇರುತ್ತವೆ. ಆದ್ದರಿಂದ ಅಲ್ಲಿ ‘ಕೊಳೆರೋಗ ಎಲ್ಲಿದೆ’ ಎಂದು ಕೇಳುವುದಕ್ಕಿಂತ ‘ಈ ಹಣ ಮಂಜೂರು ಮಾಡಿದ್ದು ಯಾವ ಕಚೇರಿ’ ಎಂದು ಕೇಳಿದವರಿಗೆ ಬೇಗ ಉತ್ತರ ಸಿಗುತ್ತದೆ.

ಮೂರನೆಯ ಪ್ರಶ್ನೆಯೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ರುಚಿಯಾದದ್ದು: ತೋಟದವರು ಹೊಸ ಔಷಧಿಯನ್ನು ನಂಬಿದ್ದು ಯಾವಾಗ? ಇದಕ್ಕೆ ತಜ್ಞರ ಬುಲೆಟಿನ್ ಒಂದು ಕಡೆಯ ಸಾಕ್ಷಿ ಮಾತ್ರ. ಇನ್ನೊಂದು ಕಡೆಯ ಸಾಕ್ಷಿ ಅಟ್ಟದ ಮೇಲಿರುವ ಖರ್ಚಿನ ಪುಸ್ತಕದಲ್ಲಿದೆ. ಮಳೆ ತಾಗದಂತೆ ಕೊನೆಗಳಿಗೆ ಕೊಟ್ಟೆ ಎಂಬ ಹೊದಿಕೆ ಕಟ್ಟಿಸಿದ ಕೂಲಿ ಯಾವ ವರ್ಷದವರೆಗೆ ಬರೆದಿದೆ, ಮೈಲುತುತ್ತ ಕೊಂಡ ಲೆಕ್ಕ ಯಾವ ವರ್ಷದಿಂದ ಶುರುವಾಗುತ್ತದೆ, ಎರಡೂ ಎಷ್ಟು ವರ್ಷ ಜೊತೆಜೊತೆಗೆ ನಡೆದವು ಎಂಬುದನ್ನು ನಾಲ್ಕಾರು ಮನೆಗಳ ಪುಸ್ತಕಗಳಿಂದ ಎತ್ತಿ ಬರೆದರೆ, ಯಾವ ಇಲಾಖೆಯ ವರದಿಯೂ ಹೇಳದ ಸಂಗತಿ ಹೊರಬೀಳುತ್ತದೆ. ಸಹಕಾರ ಸಂಘಗಳ ಹಳೆಯ ವಾರ್ಷಿಕ ವರದಿಗಳನ್ನೂ ಇದರೊಡನೆ ನೋಡಬೇಕು. ಮೊಮ್ಮಕ್ಕಳಿಗೆ ಇಂಥ ಪುಸ್ತಕ ರದ್ದಿಯಾಗಿ ಕಾಣುತ್ತದೆ. ಗೆದ್ದಲಿಗಿಂತ ಮೊದಲು ನೀವು ಹೋಗಿ ತಲುಪಬೇಕಾದದ್ದು ಅಲ್ಲಿಗೆ.

ಹುಡುಕುವ ಕ್ರಮದ ಬಗ್ಗೆ ಎರಡು ಮಾತು. ಈಚಿನವರ ಪುಸ್ತಕಗಳನ್ನು ದೂರವಿಡಬೇಡಿ, ಅವುಗಳನ್ನು ಹಿಂದಿನಿಂದ ಓದಿ. ಅಡಿಟಿಪ್ಪಣಿಯಲ್ಲಿ ಹೆಸರಿಸಿದ ವರದಿಯನ್ನು ತೆರೆದು, ಆ ವರದಿ ಹೆಸರಿಸುವ ಇನ್ನೂ ಹಳೆಯ ವರದಿಯನ್ನು ಹಿಡಿದು ಹೋದರೆ ಒಂದು ಕಡೆ ದಾರಿ ನಿಲ್ಲುತ್ತದೆ, ಹೆಚ್ಚಿನ ಸಲ ನಿಮಗೆ ಬೇಕಾದದ್ದು ಅಲ್ಲೇ ಇರುತ್ತದೆ. ಎರಡನೆಯದು, ಹಳೆಯ ಹೆಸರುಗಳಲ್ಲಿ ಹುಡುಕುವುದನ್ನು ಕಲಿಯಿರಿ. ಇಂಗ್ಲಿಷ್ ದಾಖಲೆಗಳಲ್ಲಿ ನಮ್ಮ ಊರು ‘ಷಿಮೋಗ’, ಬಿದನೂರು ‘ಬೆಡ್ನೋರ್’, ಇಡೀ ಸೀಮೆ ‘ನಗರ ಡಿವಿಷನ್’, ಅಡಿಕೆ ಬಹಳ ಕಡೆ ‘ವೀಳ್ಯದ ಕಾಯಿ’ ಎಂಬರ್ಥದ ‘ಬೀಟಲ್ ನಟ್’. ಇನ್ನು ‘ಕೊಳೆರೋಗ’ ಎಂಬ ನಮ್ಮ ಮಾತೇ ವಿಜ್ಞಾನದ ಹೆಸರಾಗಿಬಿಟ್ಟಿದೆ: ಕಾಫಿ ಗಿಡದ ಕೊಳೆರೋಗದ ಶಿಲೀಂಧ್ರಕ್ಕೆ ಇಂಗ್ಲೆಂಡಿನ ಎಂ. ಸಿ. ಕುಕ್ 1876ರಲ್ಲಿ ಪೆಲಿಕ್ಯುಲೇರಿಯಾ ಕೊಳೆರೋಗ ಎಂದು ಹೆಸರಿಟ್ಟರು. ಅದು ಬೇರೆ ಜೀವಿ, ಅಡಿಕೆಯದು ಬೇರೆ. ಬರೀ ‘ಕೊಳೆರೋಗ’ ಎಂದು ಹುಡುಕಿದವರು ಕಾಫಿ ತೋಟದ ಕಾಗದಗಳನ್ನು ಅಡಿಕೆಯ ಕಥೆಗೆ ಸೇರಿಸಿಬಿಡುವ ಅಪಾಯವಿದೆ.

ಎಲ್ಲವೂ ಪರದೇಶದಲ್ಲಿದೆ ಎಂಬ ನಿಮ್ಮ ಕೊರಗು ಪೂರ್ತಿ ಸುಳ್ಳೂ ಅಲ್ಲ. ಕಂಪನಿ ಸರ್ಕಾರದ ವೈದ್ಯ ಹ್ಯೂ ಕ್ಲೆಗಾರ್ನ್ 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದಾಗ, ದಿನಕ್ಕೊಂದು ಗಿಡವನ್ನು ಅಭ್ಯಾಸ ಮಾಡುವ ನಿಯಮ ಇಟ್ಟುಕೊಂಡು, ಒಬ್ಬ ಮರಾಠಿ ಚಿತ್ರಕಾರನಿಂದ ಇಲ್ಲಿನ ಗಿಡಗಳ ಚಿತ್ರಗಳನ್ನು ಬರೆಯಿಸಿದರು. ತುಂಗೆಯ ದಂಡೆಯಲ್ಲಿ ಬರೆದ ಆ ಚಿತ್ರಗಳು ಇಂದು ಸ್ಕಾಟ್ಲೆಂಡಿನ ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್ನಿನಲ್ಲಿವೆ. ಇದೇ ಕ್ಲೆಗಾರ್ನ್ 1856ರಲ್ಲಿ ಮದರಾಸು ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾದರು, ಕಾಡನ್ನು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯದ ವಿರುದ್ಧ ಬರೆದರು. ಚಿತ್ರಗಳಿಗಾಗಿ ಎಡಿನ್‌ಬರೋಗೆ ಪತ್ರ ಬರೆಯಬೇಕಾದೀತು. ಆದರೆ ಅವರು ಕಂಡ ಕುಮರಿ ಎಂಥದು, ಅದನ್ನು ಮಾಡುತ್ತಿದ್ದವರು ಯಾರು ಎಂಬುದಕ್ಕೆ ಸಾಕ್ಷಿ ಹುಡುಕಬೇಕಾದದ್ದು ಈ ಜಿಲ್ಲೆಯ ಕಂದಾಯದ ಕಾಗದಗಳಲ್ಲಿಯೇ.

ಪ್ರಶ್ನೆ: ನಮ್ಮದು ಸೊರಬ ತಾಲ್ಲೂಕು. ಕಾಡಿನಲ್ಲಿ ಮಂಗಗಳು ಸತ್ತು ಬಿದ್ದ ವರ್ಷದ ಬಗ್ಗೆ ನಮ್ಮ ಅಜ್ಜಿ ಹೇಳುತ್ತಿದ್ದರು. ಮಂಗನ ಕಾಯಿಲೆಯನ್ನು ಪತ್ತೆ ಹಚ್ಚಿದ ಇತಿಹಾಸವನ್ನು ಬರೆಯಬೇಕೆಂದಿದ್ದೇನೆ. ಹಿರಿಯರ ನೆನಪು ಆಕರವಾಗುತ್ತದೆಯೇ, ಅಥವಾ ವಿಜ್ಞಾನಿಗಳ ಲೇಖನಗಳನ್ನಷ್ಟೇ ನಂಬಬೇಕೇ?
– ಪ್ರೌಢಶಾಲಾ ಶಿಕ್ಷಕಿ

ಉತ್ತರ: ಎರಡೂ ಬೇಕು, ಆದರೆ ಒಂದು ಹೇಳಬೇಕಾದದ್ದನ್ನು ಇನ್ನೊಂದರಿಂದ ಹೇಳಿಸಬಾರದು.

ವಿಜ್ಞಾನಿಗಳ ಲೇಖನಗಳನ್ನು ಅವು ಪ್ರಕಟವಾದ ಕ್ರಮದಲ್ಲಿಯೇ ಓದಿ; ಕೊನೆಯದನ್ನು ಮೊದಲು ಓದಿದರೆ ಪತ್ತೆಯ ಕಥೆ ಕೈತಪ್ಪುತ್ತದೆ. ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳೂ ಮುಸಿಯಗಳೂ ಸಾಯುತ್ತಿವೆ, ಸುತ್ತಲಿನ ಹಳ್ಳಿಗಳಲ್ಲಿ ಜ್ವರವಿದೆ ಎಂಬ ಸುದ್ದಿ ತಲುಪಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಬಂದ ಮೊದಲ ಅನುಮಾನ ಹಳದಿ ಜ್ವರದ್ದು, ಏಕೆಂದರೆ ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳ ಸಾವು ಆ ಜ್ವರದ ಮುನ್ಸೂಚನೆ. ವೈರಸ್ಸನ್ನು ಬೇರ್ಪಡಿಸಿ ನೋಡಿದಾಗ ಅದು ರಷ್ಯಾದಲ್ಲಿ ಉಣುಗಿನಿಂದ, ಅಂದರೆ ಮೈಗೆ ಹತ್ತಿ ರಕ್ತ ಹೀರುವ ಹುಳದಿಂದ, ಹರಡುವ ಮೆದುಳಿನ ಜ್ವರದ ವೈರಸ್ಸಿನ ಸಂಬಂಧಿ ಎಂದು ತಿಳಿಯಿತು. ಆ ಕೇಂದ್ರದ ನಿರ್ದೇಶಕರಾಗಿದ್ದ ಟೆಲ್ಫರ್ಡ್ ವರ್ಕ್ 1958ರಲ್ಲಿ ಬರೆದ ಲೇಖನದ ತಲೆಬರಹದಲ್ಲಿ ‘ಭಾರತದಲ್ಲಿ ರಷ್ಯಾದ ವಸಂತ-ಗ್ರೀಷ್ಮದ ವೈರಸ್’ ಎಂಬ ಮಾತು ಮೊದಲು ಬಂದು, ಕ್ಯಾಸನೂರಿನ ಹೆಸರು ಆಮೇಲೆ ಬರುತ್ತದೆ. ನಂತರದ ವರ್ಷಗಳಲ್ಲಿ ಕ್ಯಾಸನೂರಿನ ಹೆಸರೊಂದೇ ಉಳಿಯಿತು. 1969ರ ಹೊತ್ತಿಗೆ ಅದೇ ಕೇಂದ್ರದಲ್ಲಿ ಕೆಲಸ ಮಾಡಿದ್ದ ಬೊಶೆಲ್ ಬರೆದ ಲೇಖನದಲ್ಲಿ ದೃಷ್ಟಿ ವೈರಸ್ಸಿನಿಂದ ಕಾಡು, ದನ, ಉಣುಗುಗಳ ಸಂಬಂಧದ ಕಡೆಗೆ ಹೊರಳಿದೆ. ಹನ್ನೆರಡು ವರ್ಷಗಳಲ್ಲಿ ಒಂದೇ ಕಾಯಿಲೆಯ ಬಗ್ಗೆ ಕೇಳುವ ಪ್ರಶ್ನೆ ಹೇಗೆ ಬದಲಾಯಿತೆಂಬುದಕ್ಕೆ ಈ ತಲೆಬರಹಗಳೇ ಸಾಕ್ಷಿ.

ಪುಣೆಯ ಕೇಂದ್ರವನ್ನು 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಜೊತೆಗೂಡಿ ಸ್ಥಾಪಿಸಿತ್ತು. ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ. ಆದ್ದರಿಂದ ಅಚ್ಚಾಗದ ಕಾಗದಗಳು ಎರಡು ದೇಶಗಳಲ್ಲಿ ಹಂಚಿಹೋಗಿವೆ. ಪ್ರತಿಷ್ಠಾನದ ಪತ್ರಾಗಾರ ನ್ಯೂಯಾರ್ಕ್ ರಾಜ್ಯದ ಸ್ಲೀಪಿ ಹಾಲೊದಲ್ಲಿದೆ, ಅದರ ಅಧಿಕಾರಿಗಳು ಬರೆದಿಡುತ್ತಿದ್ದ ದಿನಚರಿಗಳಲ್ಲಿ ಅನೇಕವನ್ನು ಈಗ ಕಂಪ್ಯೂಟರಿನಲ್ಲಿಯೇ ಓದಬಹುದು. ವಲಸೆ ಹಕ್ಕಿಗಳು ವೈರಸ್ಸನ್ನು ಉತ್ತರದಿಂದ ಹೊತ್ತು ತಂದವೇ ಎಂಬ ಅನುಮಾನವೂ ಆಗ ಎದ್ದಿತ್ತು. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯಲ್ಲಿ ಸಲೀಂ ಅಲಿ ನಡೆಸಿದ ಹಕ್ಕಿಗಳಿಗೆ ಉಂಗುರ ತೊಡಿಸುವ ಕೆಲಸಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ನೆರವು ಬಂದದ್ದರ ಹಿಂದೆ ಈ ಎಳೆ ಇದೆ. ಸೊರಬದ ಕಾಡಿನ ಕಥೆ ಹುಡುಕುತ್ತ ಹೊರಟವರು ಹಕ್ಕಿಶಾಸ್ತ್ರದ ಪತ್ರಿಕೆಗಳನ್ನು ತಿರುವಿಹಾಕಬೇಕಾಗುತ್ತದೆಂದು ಯಾರು ಎಣಿಸಿಯಾರು?

ಇನ್ನು ಹಿರಿಯರ ನೆನಪು. ಅಜ್ಜಿ ಏನು ಕಂಡರು, ಊರು ಯಾರನ್ನು ಕಳೆದುಕೊಂಡಿತು, ಜೀಪಿನಲ್ಲಿ ಬಂದವರನ್ನು ಕಂಡು ಜನ ಏನೆಂದುಕೊಂಡರು ಎಂಬುದಕ್ಕೆ ಅದೇ ಪ್ರಾಥಮಿಕ ಆಕರ, ಲೇಖನಗಳು ಇದನ್ನು ಹೇಳುವುದಿಲ್ಲ. ಆದರೆ ಇಸವಿಯನ್ನು ನೆನಪಿನಿಂದ ಎತ್ತಿ ಬರೆಯಬೇಡಿ. ‘ಅದು 57ರಲ್ಲೇ?’ ಎಂದು ಕೇಳಿದರೆ ಯಾರಾದರೂ ‘ಹೌದು’ ಎನ್ನುತ್ತಾರೆ. ಅಡಿಕೆ ಕೊಯ್ಲು ಮುಗಿದಿತ್ತೇ, ದರಗು (ಒಣ ಎಲೆ) ತರಲು ಕಾಡಿಗೆ ಹೋಗಿದ್ದಿರೇ, ಮೊದಲ ಮಳೆ ಬಿದ್ದಿತ್ತೇ, ಮನೆಯಲ್ಲಿ ಆಗ ಯಾರ ಮದುವೆ ಆಗಿತ್ತು ಎಂದು ಕೇಳಿ, ಅವರ ಕಾಲಮಾನದಿಂದ ನಮ್ಮ ಕಾಲಮಾನಕ್ಕೆ ನೀವೇ ಲೆಕ್ಕ ಹಾಕಿಕೊಳ್ಳಿ. ಸತ್ತ ಮಂಗಗಳನ್ನು ಹೊತ್ತು ತಂದವರು, ನೆಲದ ಮೇಲೆ ಬಟ್ಟೆ ಎಳೆದು ಉಣುಗು ಹಿಡಿದುಕೊಟ್ಟವರು ಲೇಖನಗಳಲ್ಲಿ ಹೆಚ್ಚೆಂದರೆ ಕೃತಜ್ಞತೆಯ ಒಂದು ಸಾಲಿನಲ್ಲಿ ಮಾಯವಾಗಿರುತ್ತಾರೆ. ಅಂಥವರು ಯಾರಾದರೂ ನಿಮ್ಮ ಕಡೆ ಬದುಕಿದ್ದರೆ ಬೇರೆಲ್ಲ ಕೆಲಸ ಬಿಟ್ಟು ಮೊದಲು ಅವರ ಮಾತನ್ನು ದಾಖಲಿಸಿ, ದಿನಾಂಕ ಮತ್ತು ಸ್ಥಳ ಬರೆದು, ಅವರ ಒಪ್ಪಿಗೆ ಪಡೆಯಿರಿ. ಆಸ್ಪತ್ರೆಯ ರಿಜಿಸ್ಟರ್ ನೋಡಲು ಅನುಮತಿ ಸಿಕ್ಕರೂ ರೋಗಿಗಳ ಹೆಸರನ್ನು ಅಚ್ಚು ಮಾಡಬಾರದು.

ಪ್ರಶ್ನೆ: ನಮ್ಮ ಹಳೆಯ ಮನೆಯಲ್ಲಿ ಓಲೆಗರಿಯ ಕಟ್ಟುಗಳೂ ಕಪ್ಪು ಬಟ್ಟೆಯ ಮಡಿಕೆ ಪುಸ್ತಕವೂ ಇವೆ. ಓದಲು ನಮಗೆ ಬರುವುದಿಲ್ಲ. ವಿಜ್ಞಾನಕ್ಕೆ ಸಂಬಂಧಿಸಿದ್ದು ಅವುಗಳಲ್ಲಿ ಇದ್ದೀತೇ? ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿಡಲೇ?
– ಹೊಸನಗರ ತಾಲ್ಲೂಕಿನ ಕೃಷಿಕರು

ಉತ್ತರ: ಎಣ್ಣೆ ಹಚ್ಚಬೇಡಿ, ನೀರು ಮುಟ್ಟಿಸಬೇಡಿ, ಬಿಸಿಲಿಗೆ ಇಡಬೇಡಿ, ದಾರ ಬಿಚ್ಚಿ ಗರಿಗಳ ಕ್ರಮ ಬದಲಾಯಿಸಬೇಡಿ. ಗರಿಗಳಿಗೆ ತಜ್ಞರು ಹಚ್ಚುವುದು ಸಿಟ್ರೊನೆಲ್ಲಾದಂಥ ಎಣ್ಣೆಯನ್ನು, ಅದೂ ಗರಿಯ ಸ್ಥಿತಿ ನೋಡಿಕೊಂಡು. ಕಪ್ಪು ಬಟ್ಟೆಯ ಪುಸ್ತಕ ಕಡತವಾಗಿರಬೇಕು: ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕ. ಒದ್ದೆ ಬಟ್ಟೆಯಿಂದ ಒರೆಸಿದರೆ ಅಕ್ಷರವೂ ಹೋಗುತ್ತದೆ, ಹಿಂದಿನವರು ಒರೆಸಿಯೇ ಮತ್ತೆ ಬರೆಯುತ್ತಿದ್ದರು. ಮೊದಲು ಕಟ್ಟಿನ ಎರಡೂ ತುದಿಗಳ ಮತ್ತು ಕೆಲವು ಗರಿಗಳ ಫೋಟೋ ತೆಗೆದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಗರಿಗಳ ಸಂಖ್ಯೆ ಬರೆದುಕೊಳ್ಳಿ. ಸಾಗರದ ಹತ್ತಿರದ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಓಲೆಗರಿಗಳ ಸಂಗ್ರಹವಿದೆ, ಮೈಸೂರಿನಲ್ಲಿ 1891ರಲ್ಲಿ ಆರಂಭವಾದ ಪ್ರಾಚ್ಯವಿದ್ಯಾ ಸಂಶೋಧನಾಲಯವಿದೆ. ತಂಜಾವೂರಿನ ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಓಲೆಗರಿಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಗುರುತಿಸಿದ್ದು ಇಲ್ಲಿಯೇ. ಫೋಟೋಗಳನ್ನು ಅಲ್ಲಿ ತೋರಿಸಿ. ಮೂಲವನ್ನು ಕೊಡುವುದೋ ಬಿಡುವುದೋ ಆಮೇಲಿನ ಮಾತು.

ನಿಮ್ಮ ಕಡೆಯ ಸಂಸ್ಕೃತದ ಗರಿಗಳು ಬಹುಮಟ್ಟಿಗೆ ತಿಗಳಾರಿ ಲಿಪಿಯಲ್ಲಿರುತ್ತವೆ. ಕನ್ನಡದಂತೆ ಕಂಡರೂ ಓದಲು ಬಾರದಿದ್ದರೆ ಅದೇ ಇರಬಹುದು. ಕೊನೆಯ ಗರಿಯಲ್ಲಿ ನಕಲು ಮಾಡಿದವರು ಸಂವತ್ಸರದ ಹೆಸರು ಬರೆದಿದ್ದರೆ ಆತುರಪಡಬೇಡಿ: ಅದೇ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಶಕವರ್ಷವೂ ಇದ್ದರೆ 78 ಕೂಡಿಸಿ ಇಸವಿ ತಿಳಿಯಬಹುದು. ವಿಜ್ಞಾನವೆಂದು ನೀವು ಎಣಿಸುವುದು ಅಲ್ಲಿ ಪಂಚಾಂಗದ ಗಣಿತವಾಗಿ, ಔಷಧಿಯ ಪಾಕವಾಗಿ, ದನದ ರೋಗದ ಚಿಕಿತ್ಸೆಯಾಗಿ ಇದ್ದೀತು. ಗಣೇಶ ದೈವಜ್ಞರ 1520ರ ಗ್ರಹಗಣಿತದ ಗ್ರಂಥ ಗ್ರಹಲಾಘವದ ಇನ್ನೊಂದು ಪ್ರತಿ ಸಿಕ್ಕರೆ ಸಂತೋಷ, ಆದರೆ ಅದರ ನಡುವೆ ಯಾರೋ ಜೋಯಿಸರು ಗ್ರಹಣದ ಲೆಕ್ಕ ಹಾಕಿ ತಪ್ಪಿ ಮತ್ತೆ ಹಾಕಿದ ಒಂಟಿ ಗರಿ ಸಿಕ್ಕರೆ ಅದನ್ನು ನಾನು ಹೆಚ್ಚು ಬೆಲೆಯುಳ್ಳದ್ದೆಂದು ಎಣಿಸುತ್ತೇನೆ. ಗ್ರಂಥ ಎಲ್ಲೆಲ್ಲೂ ಇದೆ, ಇಲ್ಲಿ ಅದನ್ನು ಬಳಸಿದ ಕೈಯ ಗುರುತು ಆ ಗರಿಯಲ್ಲಿ ಮಾತ್ರ. ಇದೇ ಕಾರಣಕ್ಕೆ, ಕೆಳದಿಯ ಬಸವಪ್ಪನಾಯಕ 1709ರಲ್ಲಿ ಬರೆದ ಶಿವತತ್ತ್ವರತ್ನಾಕರದಲ್ಲಿ ವೈದ್ಯ, ಜ್ಯೋತಿಷ, ಶಿಲ್ಪ, ಅಶ್ವಶಾಸ್ತ್ರಗಳೆಲ್ಲ ಇವೆಯೆಂದು ಮಲೆನಾಡಿನಲ್ಲಿ ಆಗ ಅವೆಲ್ಲ ಹಾಗೆಯೇ ನಡೆಯುತ್ತಿದ್ದವೆಂದು ಬರೆಯಬಾರದು. ಆ ಅರಮನೆ ಯಾವ ವಿದ್ಯೆಗಳನ್ನು ಅರಸನಿಗೆ ತಕ್ಕವೆಂದು ಎಣಿಸಿತು ಎಂಬುದಕ್ಕೆ ಅದು ಒಳ್ಳೆಯ ಆಕರ.

ಪ್ರಶ್ನೆ: ಕನ್ನಡದಲ್ಲಿಯೇ ಇರುವ ಆಕರಗಳು ಬೇಕು. ಎಲ್ಲಿ ನೋಡಲಿ?
– ಭದ್ರಾವತಿಯ ಓದುಗರು

ಉತ್ತರ: ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 1918ರಲ್ಲಿ ಆರಂಭಿಸಿದ ‘ವಿಜ್ಞಾನ’ ಮಾಸಪತ್ರಿಕೆಯಿಂದ ಶುರು ಮಾಡಿ. ಅದು ಬಾಳಿದ್ದು ಎರಡೇ ವರ್ಷ, ಆದರೆ ಕನ್ನಡಕ್ಕೆ ವೈಜ್ಞಾನಿಕ ಪದಗಳು ಹೇಗೆ ಒಗ್ಗಿದವು ಎಂಬುದನ್ನು ತಿಂಗಳು ತಿಂಗಳೂ ನೋಡಬಹುದಾದ ಆಕರ.

ಪ್ರಶ್ನೆ: ಬುಕಾನನ್ನನ ಪ್ರವಾಸದ ಪುಸ್ತಕವನ್ನು ಅಂತರ್ಜಾಲದಿಂದ ಇಳಿಸಿಕೊಂಡಿದ್ದೇನೆ. ಅಂಥ ಪ್ರತಿಯನ್ನು ಪ್ರಾಥಮಿಕ ಆಕರವೆಂದು ಉಲ್ಲೇಖಿಸಬಹುದೇ?
– ತೀರ್ಥಹಳ್ಳಿಯ ಸಂಶೋಧನಾ ವಿದ್ಯಾರ್ಥಿ

ಉತ್ತರ: ಉಲ್ಲೇಖಿಸಬಹುದು. ಪುಟಗಳ ಫೋಟೋ ಮೂಲದ ಪುಟವೇ. ಆದರೆ ಅದರ ಜೊತೆ ಬರುವ, ಯಂತ್ರ ತಾನೇ ಓದಿ ಕೊಟ್ಟ ಅಕ್ಷರಗಳನ್ನು ನಂಬಿ ಎತ್ತಿ ಬರೆಯಬೇಡಿ. ಇಕ್ಕೇರಿ, ನಗರದಂಥ ಹೆಸರುಗಳು ಅಲ್ಲಿ ಗುರುತು ಸಿಗದಂತೆ ಕೆಟ್ಟಿರುತ್ತವೆ, ಹುಡುಕಿದರೂ ಸಿಗುವುದಿಲ್ಲ. ಟಿಪ್ಪು ಬಿದ್ದ ಮರುವರ್ಷ, 1800ರ ಏಪ್ರಿಲಿನಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಮದರಾಸಿನಿಂದ ಹೊರಟ ಕಂಪನಿ ಸರ್ಕಾರದ ವೈದ್ಯ ಫ್ರಾನ್ಸಿಸ್ ಬುಕಾನನ್, 1801ರಲ್ಲಿ ಈ ಸೀಮೆಗೆ ಬಂದು ಬೇಸಾಯ, ಕಸುಬು, ವ್ಯಾಪಾರಗಳ ವಿವರ ಕೇಳಿ ಬರೆದುಕೊಂಡದ್ದು ದುಭಾಷಿಗಳ ಬಾಯಿಂದ. ಹೊಸ ಯಜಮಾನರಿಗೆ ನಾಡಿನ ಆದಾಯ ತಿಳಿಯಬೇಕಿತ್ತು ಎಂಬುದನ್ನು ನೆನಪಿಟ್ಟು, ರೈತ ಹೇಳಿದ ಇಳುವರಿಯ ಲೆಕ್ಕವನ್ನು ಓದಿ. ತೆರಿಗೆ ಕಟ್ಟುವವನು ದೊರೆಯ ಕಡೆಯವನಿಗೆ ತೋಟದ ಪೂರ್ತಿ ಫಸಲನ್ನು ಹೇಳುವ ವಾಡಿಕೆ ಯಾವ ಕಾಲದಲ್ಲೂ ಇದ್ದಂತಿಲ್ಲ. ಇನ್ನೊಂದು ಎಚ್ಚರಿಕೆ: ಪುಸ್ತಕ 1807ರಲ್ಲಿ ಲಂಡನ್ನಿನಿಂದ ಮೂರು ಸಂಪುಟಗಳಲ್ಲಿ ಬಂತು, 1870ರಲ್ಲಿ ಮದರಾಸಿನಲ್ಲಿ ಎರಡು ಸಂಪುಟಗಳಾಗಿ ಮತ್ತೆ ಅಚ್ಚಾಯಿತು. ಎರಡರ ಪುಟಸಂಖ್ಯೆಗಳು ಹೊಂದುವುದಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿರುವುದು ಯಾವುದೆಂದು ಮುಖಪುಟವನ್ನು ತೆರೆದು ನೋಡಿ, ಪ್ರತಿ ಟಿಪ್ಪಣಿಯಲ್ಲಿಯೂ ಮುದ್ರಣದ ವರ್ಷವನ್ನು ಸಂಪುಟದ ಸಂಖ್ಯೆಯೊಡನೆ ಬರೆಯಿರಿ.